ನಾನು ದಿನಾ ಕೊಟ್ಟೆನೆನ್ನಲಾದ ಎರಡು ರೊಟ್ಟಿ

ಹೆಸರು ಕೆಡಿಸಿದವರ ಮೇಲೆ ಕೇಸು ಹಾಕಬಹುದು. ಸುಮ್ಮಸುಮ್ಮನೆ ಹೆಸರು ಒಳ್ಳೆಯದು ಮಾಡಿಬಿಟ್ಟವರನ್ನು ಏನು ಮಾಡುವುದು ಸ್ವಾಮಿ? ಪೀಣ್ಯದ ಕಾರ್ಖಾನೆಯಲ್ಲಿ ಲೇತ್ ಯಂತ್ರ ಓಡಿಸುತ್ತಾ ಮೂವತ್ತು ವರ್ಷ ನಗೆಬರಹ ಬರೆದವನು ನಾನು. ಓದಿದವರೆಲ್ಲ ನನ್ನನ್ನು ಕುಹಕಿ ಎಂದೇ ತಿಳಿದಿದ್ದರು, ಅದು ಸರಿಯಾಗಿಯೇ ಇತ್ತು. ಅಷ್ಟರಲ್ಲಿ ನನ್ನ ಹಳೆಯ ರೂಮ್‌ಮೇಟ್, ಈಗ ದೊಡ್ಡ ನಟ, ಆತ್ಮಕಥೆ ಬರೆದ. ಬಾಗಲಗುಂಟೆಯ ಬಾಡಿಗೆ ಕೋಣೆಯಲ್ಲಿ ಅವನು ಕೆಲಸವಿಲ್ಲದೆ ಬಿದ್ದಿದ್ದಾಗ ನಾನು ದಿನಾ ನನ್ನ ಪಾಲಿನಲ್ಲಿ ಎರಡು ರೊಟ್ಟಿ ಕೊಡುತ್ತಿದ್ದೆನಂತೆ. ಅದಕ್ಕೇ ಇಡೀ ಒಂದು ಅಧ್ಯಾಯ.

ಪುಸ್ತಕ ಬಂದದ್ದೇ ತಡ, ನನ್ನ ಕುಹಕದಲ್ಲೂ ವಿಮರ್ಶಕರಿಗೆ ಅಂತಃಕರಣ ಕಾಣತೊಡಗಿತು. ಫೋನ್ ಮಾಡಿದವರು ಗದ್ಗದರಾಗುತ್ತಿದ್ದರು. ಹೆಂಡತಿ ಮಾತ್ರ ಆ ಅಧ್ಯಾಯವನ್ನು ಎರಡು ಸಲ ಓದಿ, "ಇದು ಬೇರೆ ಯಾರೋ ಇರ್ಬೇಕು ಕಣ್ರೀ" ಅಂದಳು.

ನಿಜ ಹೇಳಿಬಿಡುತ್ತೇನೆ. ರೊಟ್ಟಿ ನನ್ನದಲ್ಲ. ಕೆಳಗಿನ ಕೋಣೆಯಲ್ಲಿ ವಿಜಯಪುರದ ಕಡೆಯ ಗಂಗವ್ವ ಇದ್ದಳು, ಗಾರೆ ಕೆಲಸದವಳು. ಮೇಲಿನ ಹುಡುಗ ಉಪವಾಸವಿರುತ್ತಾನೆಂದು ತಿಳಿದು, ನಾನು ಶಿಫ್ಟ್ ಮುಗಿಸಿ ಬರುವಾಗ ನಾಲ್ಕು ರೊಟ್ಟಿ ಕೊಟ್ಟು, ಅವನಿಗೆ ಕೊಡಿ, ನನ್ನ ಹೆಸರು ಹೇಳಬೇಡಿ, ಸಂಕೋಚಪಟ್ಟಾನು ಅನ್ನುತ್ತಿದ್ದಳು. ಕಾರ್ಖಾನೆಯ ಕ್ಯಾಂಟೀನಿನಲ್ಲಿ ನನ್ನ ಊಟ ಆಗಿರುತ್ತಿತ್ತು. ಆದರೂ ಬಿಸಿ ರೊಟ್ಟಿಯ ವಾಸನೆಗೆ ಸೋತು, ಮೆಟ್ಟಿಲ ಮೇಲೆಯೇ ಎರಡು ತಿಂದು, ಬಾಯಿ ಒರೆಸಿಕೊಂಡು, ಉಳಿದೆರಡನ್ನು ಅವನಿಗೆ ಕೊಡುತ್ತಿದ್ದೆ. ಇದು ನನ್ನ ದಾನ.

ಹೋದ ನವೆಂಬರಿನಲ್ಲಿ ಮಾದನಾಯಕನಹಳ್ಳಿಯ ಒಂದು ಕಾರ್ಖಾನೆಯ ಕನ್ನಡ ಸಂಘದವರು ರಾಜ್ಯೋತ್ಸವಕ್ಕೆ ನನ್ನನ್ನು ಮುಖ್ಯ ಅತಿಥಿಯಾಗಿ ಕರೆದರು. ಶಾಲು ಹೊದಿಸಿದರು. ಹಸಿವಿನ ಬಗ್ಗೆ ಭಾಷಣ ಬಿಗಿದು ನಾನೇ ಕಣ್ಣೊರೆಸಿಕೊಂಡೆ. ವೇದಿಕೆ ಇಳಿದು ಬಂದರೆ, ಅಡುಗೆಯವರ ಸಾಲಿನಲ್ಲಿ ತಲೆ ನೆರೆತ ಗಂಗವ್ವ ನಿಂತಿದ್ದಾಳೆ. ಈಗ ಅಲ್ಲಿನ ಕ್ಯಾಂಟೀನಿನಲ್ಲಿ ಕೆಲಸವಂತೆ. ಮಗಳು ಆ ಪುಸ್ತಕ ಓದಿ ಹೇಳಿದಳಂತೆ.

"ನಾ ನಾಕ ಕೊಡತಿದ್ನಲ್ರಿ ಅಣ್ಣಾರ," ಅಂದಳು ಮೆಲ್ಲಗೆ. "ಪುಸ್ತಕದಾಗ ಎರಡ ಅಂತ ಐತಿ."

ನಾಚಿಕೆಯಿಂದ ನನಗೆ ತಲೆಯೆತ್ತಲಾಗಲಿಲ್ಲ. ಉಳಿದೆರಡನ್ನು ನಾನು ತಿಂದೆ ಎಂದು ಹೇಗೋ ಉಸುರಿದೆ.

"ನಿಮಗೂ ಹಸಿವಿತ್ತಂತ ನನಗೇನ ಗೊತ್ರಿ. ಹೇಳಿದ್ರ ಆರು ರೊಟ್ಟಿ ಬಡೀತಿದ್ದೆ."

ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ನನಗೆ ಹಸಿವಿರಲಿಲ್ಲ ತಾಯಿ ಎನ್ನುವ ಧೈರ್ಯ ಬರಲಿಲ್ಲ. ಶಾಲನ್ನು ಅವಳಿಗೆ ಹೊದಿಸಿ, ಮೈಕಿನ ಮುಂದೆ ಎಲ್ಲವನ್ನೂ ಒಪ್ಪಿಕೊಳ್ಳಬೇಕೆಂದು ನಿಶ್ಚಯಿಸಿದೆ. ಹೆಗಲಿಗೆ ಕೈಯೂ ಹೋಯಿತು. ಅಷ್ಟರಲ್ಲಿ ಸಂಘದ ಕಾರ್ಯದರ್ಶಿ, ಗ್ರೂಪ್ ಫೋಟೋಗೆ ಅತಿಥಿಗಳು ದಯವಿಟ್ಟು ಮಧ್ಯದಲ್ಲಿ ನಿಲ್ಲಬೇಕು ಎಂದು ಕೂಗಿದರು. ಶಾಲು ಸರಿಮಾಡಿಕೊಂಡು ಹೋಗಿ ಮಧ್ಯದಲ್ಲೇ ನಿಂತೆ.