ಮುಂಡರಗಿ ಕಟ್ಟಿ ಮ್ಯಾಲಿನ ಹಾಯಿದೋಣಿ

ನನಗ ಆಗ ಅರವತ್ತೆಂಟು. ಐದು ವರ್ಷದ ಹಿಂದಿನ ಮಾತು. ನನ್ನ ತಮ್ಮ ಮುಂಡರಗಿಯೊಳಗ ಮನಿ ಕಟ್ಟಿ ಮ್ಯಾಲ ಕುಂತು ಸಮುದ್ರ ದಾಟಾಕ ಹೊಂಟಿದ್ದ. ಕೊರ್ಲಹಳ್ಳಿ ಹೊಳಿಯೊಳಗ ಮೊಣಕಾಲಮಟ ಇಳಿಯಾಕ ಅಂಜೋ ಮನಷ್ಯಾ ಅಂವ!

ದೋಣಿ ಇದ್ದದ್ದು ಫೋನಿನೊಳಗ. ದೇಶದೇಶದ ಮಂದಿ ತಮ್ಮ ತಮ್ಮ ಮನ್ಯಾಗ ಕುಂತು ಹಾಯಿದೋಣಿ ರೇಸ್ ಆಡ್ತಾರಂತ. ದೋಣಿ ಸುಳ್ಳು, ಗಾಳಿ ಖರೆ. ಸಮುದ್ರದಾಗ ಇವತ್ತು ಯಾವ ಕಡೆ ಬೀಸ್ತದೋ ಫೋನಿನ್ಯಾಗೂ ಆ ಕಡೆನಽ ಬೀಸ್ತದ. ಡ್ರಾಯಿಂಗ್ ಮಾಸ್ತರಕಿ ಮಾಡಿ ನಿವೃತ್ತಿ ಆದಾಂವ, ಬೀಗರ ಮನಿ ಮದುವ್ಯಾಗ ಹೋಳಿಗಿ ಬಿಟ್ಟು ಎದ್ದ. "ಗಾಳಿ ತಿರಗೇತಿ" ಅಂದ. ಬೀಗರು ಪಾಪ, ಹೊಟ್ಟ್ಯಾಗ ಅನ್ಕೊಂಡು ಅಜವಾನದ ನೀರು ಕೊಟ್ಟರು.

ಲಕ್ಷ್ಮೇಶ್ವರದ ಮೆಣಸಿನಕಾಯಿ ವ್ಯಾಪಾರಿ ಒಬ್ಬ ಇವನ ಗೆಳೆಯ. ಅವನೂ ಅದೇ ರೇಸಿನ್ಯಾಗ ಇದ್ದ. ಅಂವ ಒಂದು ಸಾಫ್ಟ್‌ವೇರ್ ಇಟ್ಕೊಂಡಿದ್ದ. ಮುಂದಿನ ಗಾಳಿ ಎಲ್ಲಾ ಲೆಕ್ಕ ಹಾಕಿ, ಇಲ್ಲಿ ತಿರುಗು, ಅಲ್ಲಿ ಹೋಗು ಅಂತ ದಾರಿ ಅದಽ ಹೇಳ್ತಿತ್ತು. ನನ್ನ ತಮ್ಮ ಜಗಳಾ ತಗದ.

"ಇದು ಮೋಸಲೇ."

"ಆಟದ ನಿಯಮದಾಗ ನಡೀತೈತಿ. ನೀನೂ ಹಾಕ್ಕೋ, ಯಾರು ಬ್ಯಾಡಂದಾರ?"

"ನಡೀತೈತಿ, ಖರೆ. ಆದ್ರ ಗೆದ್ದಾಂವ ನೀನೋ, ಸಾಫ್ಟ್‌ವೇರೋ?"

ಆಗ ನನ್ನ ಗಂಡ ಸತ್ತಿದ್ದ. ನಾ ಕಳಸಾಪುರದ ನಮ್ಮ ಮನ್ಯಾಗ ಗ್ವಾಡಿ ಕಡೆ ಮಾರಿ ಮಾಡಿ ಮಲಗಿಬಿಟ್ಟಿದ್ದೆ. ಸೊಸಿ ತಂದಿಟ್ಟ ನುಚ್ಚು ಮಜ್ಜಿಗಿ ಹಂಗಽ ಇರ್ತಿತ್ತು. ಈಕಿನೂ ಹೋಗ್ತಾಳ ಅಂತ ಮನಿಮಂದಿ ಅನ್ಕೊಂಡಿದ್ರು. ನಾನೂ ಅನ್ಕೊಂಡಿದ್ದೆ. ಅಂಥಾದ್ರಾಗ ಇವನ ಫೋನ್.

"ಅಕ್ಕಾ, ನೀ ಕಣದಾಗ ಜ್ವಾಳಾ ತೂರಿದಾಕಿ, ಗಾಳಿ ನಿನಗ ಗೊತ್ತು. ದೋಣಿ ಯಾವ ಕಡೆ ತಿರಗಿಸ್ಲಿ?"

"ಗಂಡ ಸತ್ತಾಕಿಗೆ ಇದನ್ನ ಕೇಳ್ತಿ, ತಲಿ ನೆಟ್ಟಗೈತೇನಲೇ ನಿಂದು?"

"ಇಲ್ಲ. ಅಂಗಳಕ್ಕ ಹೋಗಿ ಗಾಳಿ ನೋಡಿ ಹೇಳು."

"ಸಮುದ್ರದ ಗಾಳಿಗೆ ಕಳಸಾಪುರದ ಅಂಗಳ ಯಾಕಲೇ?"

"ನೀ ಹೋಗಽ."

ಬೈಕೋಂತ, ಗ್ವಾಡಿ ಹಿಡಕೊಂಡು ಹೋದೆ. ತೂರುವಾಗ ಗಾಳಿಗೆ ಬೆನ್ನು ಕೊಟ್ಟು ನಿಲ್ತೀವಿ, ಇಲ್ಲಂದ್ರ ಹೊಟ್ಟು ಕಣ್ಣಾಗ ಬೀಳ್ತದ. ಅದನ್ನಽ ಹೇಳಿದೆ, "ಗಾಳಿಗೆ ಬೆನ್ನು ಕೊಡು." ದಿನಾ ಕೇಳ್ತಿದ್ದ, ದಿನಾ ಅದನ್ನಽ ಹೇಳ್ತಿದ್ದೆ. ಅಂಗಳದಾಗ ನಿಂತ್ರ ತಲಿ ತಿರಗ್ತಿತ್ತು, ಅದಕ್ಕ ನುಚ್ಚು ಉಣ್ಣಾಕ ಹತ್ತಿದೆ. ಅವನ್ನ ಬೈಯಾಕ ಶಕ್ತಿ ಬೇಕಲ್ಲ.

ಒಂದಿನ ಆ ವ್ಯಾಪಾರಿ ನನ್ನ ಮಾತಾಡಿಸಾಕ ಬಂದ. ತನ್ನ ದೋಣಿ ಯಾವಾಗೋ ದಂಡಿಗೆ ಮುಟ್ಟೇತಿ ಅಂದ. ತಮ್ಮನ ದೋಣಿ ಎಲ್ಲಾರಕಿಂತ ಹಿಂದ, ಯಾರೂ ಹೋಗದ ಮಂಜುಗಡ್ಡಿ ಕಡೆ ಹೊಂಟಿತ್ತಂತ.

"ಅಕ್ಕಾರ, ನೀವಽ ನ್ಯಾಯ ಹೇಳ್ರಿ. ನಾ ಸಾಫ್ಟ್‌ವೇರ್ ಕೇಳೂದು ಮೋಸ ಆದ್ರ, ಇಂವ ಅಕ್ಕನ್ನ ಕೇಳೂದು ಏನು?"

"ಕೇಳಿ ಗೆದ್ರ ಮೋಸಪಾ. ಇಂವ ಕೇಳಿ ಸೋತಾನ."

ಅಂವ ನಕ್ಕ. ಆಮ್ಯಾಲ ಸಣ್ಣ ದನಿಲೆ ಹೇಳಿದ, "ಆ ಸಾಫ್ಟ್‌ವೇರ್ ಅವನ ಕಡೆನೂ ಐತ್ರಿ. ಜಗಳಾದ ಮ್ಯಾಲ ನಾನಽ ಹಾಕಿ ಕೊಟ್ಟೀನಿ. ಸರಿ ದಾರಿ ದಿನಾ ಕಾಣ್ತದ ಅವಂಗ. ನೋಡಿ ಮುಚ್ಚಿಟ್ಟು ನೀವು ಹೇಳಿದಂಗ ತಿರಗಿಸ್ತಾನ. ಯಾಕಲೇ ಅಂತ ನಾ ಕೇಳಿದ್ರ, 'ಇದರ ಮಾತು ಕೇಳಿದ್ರ ದೋಣಿ ಮುಟ್ಟತೈತಿ, ರೇಸ್ ಮುಗೀತೈತಿ. ಆಮ್ಯಾಲ ಅಕ್ಕನ್ನ ಏನಂತ ಎಬ್ಬಸ್ಲಿ?' ಅಂದ."

ಸೊಸಿಗೆ ಚಾ ಇಡಾಕ ಹೇಳಿದೆ.

ಮರುದಿನ ಮುಂಜಾನೆ ಯಾರೂ ಎಬ್ಬಿಸೂಕಿಂತ ಮೊದಲಽ ಎದ್ದು ಅಂಗಳಕ್ಕ ಹೋದೆ. ಮಗನ ಕಡಿಂದ ನಂಬರ್ ಹಚ್ಚಿಸಿ, ನಾನಽ ತಮ್ಮಗ ಫೋನ್ ಮಾಡಿದೆ.

"ಆ ಸಾಫ್ಟ್‌ವೇರ್ ಹೇಳಿದಂಗ ಹೋಗಿ ದೋಣಿ ದಂಡಿಗೆ ಹಚ್ಚಲೇ," ಅಂದೆ. "ನಾಳಿಂದ ನಿನಗ ನಾ ಫೋನ್ ಮಾಡ್ತೀನಿ."