ಕೆರೆಯ ದಂಡೆಯ ಮೇಲೆ ನನ್ನ ಉಡಿ

ಊರು ನೋಡುವುದೂ ಒಂದು ವಿದ್ಯೆ. ಅದು ನನಗೆ ಒಲಿದಿಲ್ಲ. ಕೆಲವರು ಪರಸ್ಥಳದಲ್ಲಿ ಗಾಡಿಯಿಂದ ಇಳಿದರೆಂದರೆ ಸಂಜೆಯೊಳಗೆ ಅಲ್ಲಿಯ ಗುಡ್ಡ ಹತ್ತಿ, ಗುಡಿ ಸುತ್ತಿ, ಕೆರೆಯ ನೀರಿನ ರುಚಿ ನೋಡಿ, ಸಂತೆಯಲ್ಲಿ ಬದನೆಕಾಯಿಗೆ ಚೌಕಾಸಿ ಮಾಡಿ, ಮರುದಿನ ಆಫೀಸಿನಲ್ಲಿ ಅದೆಲ್ಲವನ್ನೂ ಪ್ರಸಾದದಂತೆ ಹಂಚುತ್ತಾರೆ. ನಾನು ಧಾರವಾಡ ಬಿಟ್ಟು ಪುಣೆಗೆ ಬಂದು ಎಷ್ಟೋ ವರ್ಷಗಳಾದವು. ಪರ್ವತಿಯ ಗುಡ್ಡಕ್ಕೆ ಹೋದದ್ದು ಊರಿನಿಂದ ಬೀಗರು ಬಂದಾಗ ಮಾತ್ರ. ಆಗಲೂ ಅರ್ಧಕ್ಕೇ ಕುಳಿತು ಅವರ ಚಪ್ಪಲಿ ಕಾಯ್ದೆ. ಮೇಲಿನಿಂದ ಪುಣೆ ಬಹಳ ಚೆನ್ನಾಗಿ ಕಾಣುತ್ತದೆಂದು ಬೀಗರೇ ನನಗೆ ತಿಳಿಸಿದರು. ಬೀಗರು ಸುಳ್ಳು ಹೇಳುವವರಲ್ಲ, ಆದ್ದರಿಂದ ಮತ್ತೆ ಹತ್ತಿ ನೋಡುವ ಅವಶ್ಯಕತೆ ನನಗೆ ಕಂಡಿಲ್ಲ.

ಹೀಗೆ ಸುಖವಾಗಿದ್ದವನನ್ನು ಹೊರಡಿಸಿದ್ದು ನನ್ನ ಹೆಂಡತಿ. ಅವಳು ಹುಟ್ಟಿದ್ದು ದೊಡ್ಡ ಕೆರೆಯ ಮಗ್ಗುಲಿನ ಹಳ್ಳಿಯಲ್ಲಿ. ಪುಣೆಯಲ್ಲಿ ನಾವಿರುವುದು ಒಂದು ಹಳೆಯ ವಾಡೆಯ ಹಿಂಬದಿಯ ಕೋಣೆಯಲ್ಲಿ. ಅಂಗಳದ ನಡುವೆ ನೀರಿನ ತೊಟ್ಟಿ, ಅದರ ಸುತ್ತ ಬಿಂದಿಗೆಗಳು, ಬಿಂದಿಗೆಗಳ ಸುತ್ತ ಜಗಳ. ಒಂದು ದಿನ ಊಟಕ್ಕೆ ಬಡಿಸುತ್ತ ಅವಳು, "ನೀರಂದ್ರ ತಂಬಿಗಿಯೊಳಗಿಂದಷ್ಟ ಆಗ್ಯದರೀ ನನಗ. ಕಣ್ಣು ಮುಟ್ಟೋತನಕ ನೀರು ಒಮ್ಮೆ ನೋಡಬೇಕು" ಎಂದಳು. ಮುಳಾ-ಮುಠಾ ಎಂದು ಎರಡು ಹೊಳೆಗಳು ಕೂಡುವ ಊರಿನಲ್ಲಿ ಇದ್ದೇವಲ್ಲ ಎಂದು ನಾನು ನೆನಪು ಮಾಡಿಕೊಟ್ಟೆ. "ಹೊಳಿ ತನ್ನ ಪಾಡಿಗೆ ತಾ ಓಡಿ ಹೋಗ್ತದರೀ. ಕೆರಿ ನಮ್ಮ ಸಂಗಾಟ ಕೂಡ್ತದ" ಎಂದಳು. ನಾನು ಇನ್ನೊಂದು ರೊಟ್ಟಿ ಹಾಕಿಸಿಕೊಂಡೆ.

ನಮ್ಮ ಆಫೀಸಿನ ಹೆಡ್ ಕ್ಲಾರ್ಕ್ ಭಾವುಸಾಹೇಬರ ಹುಟ್ಟೂರು ಲೋಣಾವಳೆಯ ಕಡೆಯ ರೈಲು ದಾರಿಯಲ್ಲಿದೆ. ಅದೊಂದು ಸಂತೆಯೂರು. ಊರಿಗೆ ಹತ್ತಿಕೊಂಡೇ ಕೆರೆ, ಕೆರೆಯ ಆಚೆಗೆ ಗುಡ್ಡ, ಗುಡ್ಡದಲ್ಲಿ ಹಳೆಯ ಗವಿ. ಊರಿನ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಅಲ್ಲಿ ನನಗೆ ಇನ್ನೂ ಮುಖ ತೋರಿಸುವುದಿದೆ. ಭಾವುಸಾಹೇಬರ ಸಲಹೆಯಂತೆ ನಾನು ಭಾನುವಾರದ ಕಾರ್ಯಕ್ರಮ ಹಾಕಿದೆ: ಬೆಳಿಗ್ಗೆ ಕೆರೆ, ಮಧ್ಯಾಹ್ನ ಗುಡ್ಡ, ಸಂಜೆ ಸಂತೆ, ಆಮೇಲೆ ಗಾಡಿ. "ಹಾಗೇ ನಮ್ಮ ಆತ್ಯಾಬಾಯಿಯ ಮನೆಯೊಳಗೆ ಒಂದು ಹೆಜ್ಜೆ ಇಟ್ಟು ಬನ್ನಿ. ಊರಿಗೆ ಬಂದು ಬಾಗಿಲಿಗೆ ಬರಲಿಲ್ಲವೆಂದರೆ ನೊಂದುಕೊಳ್ಳುತ್ತಾಳೆ" ಎಂದು ಅವರು ಕೊನೆಗೆ ಸೇರಿಸಿದರು. ಆತ್ಯಾಬಾಯಿ ಎಂದರೆ ಅವರ ಸೋದರತ್ತೆ.

ಶಿವಾಜಿನಗರದಲ್ಲಿ ಗಾಡಿ ಹತ್ತಿದಾಗಲೇ ನನ್ನ ಹೆಂಡತಿ, "ಮೊದಲು ಕೆರಿಗೆ ಹೋಗೋಣ್ರಿ, ಮಂದಿ ಮನಿ ಆಮ್ಯಾಲ" ಎಂದಿದ್ದಳು. ಆದರೆ ಹೆಡ್ ಕ್ಲಾರ್ಕರ ಅತ್ತೆಯೆಂದರೆ ಸಾಮಾನ್ಯ ಅತ್ತೆಯಲ್ಲ. ಒಂದು ಹೆಜ್ಜೆ ಇಟ್ಟು ಬಂದರೆ ಆಯಿತು, ಕೆರೆ ಎಲ್ಲಿ ಓಡಿ ಹೋಗುತ್ತದೆ ಎಂದು ಅವಳ ಮಾತನ್ನೇ ಅವಳಿಗೆ ತಿರುಗಿಸಿದೆ. ಆ ಕ್ಷಣದಲ್ಲಿ ಜಾಣನೆನಿಸಿಕೊಂಡೆನೆಂದು ನನಗೆ ಬಲವಾದ ನಂಬಿಕೆಯಿತ್ತು.

ಉಡಿ ತುಂಬುವುದು ನಮ್ಮ ಕಡೆಯೂ ಇದ್ದದ್ದೇ. ಮನೆಗೆ ಬಂದ ಮುತ್ತೈದೆಯನ್ನು ಬರಿ ಸೆರಗಿನಲ್ಲಿ ಕಳಿಸಬಾರದು. ಕುಂಕುಮ ಹಚ್ಚಿ, ಅಕ್ಕಿ, ತೆಂಗಿನಕಾಯಿ, ವೀಳ್ಯದೆಲೆ, ಅರಿಷಿಣದ ಬೇರು, ಕುಪ್ಪಸದ ಖಣ ಎಲ್ಲವನ್ನೂ ಅವಳ ಸೆರಗಿಗೆ ಹಾಕಬೇಕು. ಪಡೆದವಳು ಅದನ್ನು ನೆಲಕ್ಕೆ ಇಡಬಾರದು, ಕಾಲಿಗೆ ತಾಗಿಸಬಾರದು, ದಾರಿಯಲ್ಲಿ ಯಾರಿಗೂ ಕೊಟ್ಟುಬಿಡಬಾರದು. ತನ್ನ ಮನೆಗೇ ಒಯ್ಯಬೇಕು. ಆತ್ಯಾಬಾಯಿ ಊಟ ಹಾಕಿ, ಉಡಿ ತುಂಬಿ, ಮಗ್ಗುಲ ಮನೆಯವರಿಗೆ ಬೇಸರವಾಗಬಾರದೆಂದು ನನ್ನ ಹೆಂಡತಿಯನ್ನು ಅಲ್ಲಿಗೆ ಕರೆದೊಯ್ದರು. ಆ ಮನೆಯವರಿಗೂ ಎದುರುಮನೆಯವರಿಗೂ ಮಾತು ಬಿಟ್ಟು ಬಹಳ ದಿನವಾಗಿತ್ತಂತೆ. ಇಲ್ಲಿ ಕುಂಕುಮ ಹಚ್ಚಿಸಿಕೊಂಡು ಅಲ್ಲಿಗೆ ಹೋಗದಿದ್ದರೆ ಪುಣೆಯವರೂ ಪಕ್ಷ ಹಿಡಿದರೆಂದು ಆಗುತ್ತದೆ. ಅಲ್ಲಿಗೂ ಹೋದರು. ನನ್ನ ಹೆಂಡತಿಯ ಮರಾಠಿ ತೊಟ್ಟಿಯ ಸುತ್ತ ಜಗಳವಾಡುವುದಕ್ಕೆ ಸಾಕಾಗುವಷ್ಟಿದೆ. ಮರ್ಯಾದೆಯಿಂದ ಬೇಡವೆನ್ನುವಷ್ಟು ಇಲ್ಲ. ಪ್ರತಿ ಮನೆಯಿಂದ ಹೊರಬಿದ್ದಾಗಲೂ ಅವಳ ನಡಿಗೆ ಇನ್ನಷ್ಟು ಭಾರವಾಗಿರುತ್ತಿತ್ತು.

ಇತ್ತ ನಾನು ಆತ್ಯಾಬಾಯಿಯ ಯಜಮಾನರ ಕೂಡ ತೂಗುಮಣೆಯ ಮೇಲೆ ಕುಳಿತಿದ್ದೆ. ಅವರನ್ನು ಊರೆಲ್ಲ ನಾನಾ ಎನ್ನುತ್ತದೆ. ನಾನಾ ಊರು ತೋರಿಸುವುದರಲ್ಲಿ ನಿಸ್ಸೀಮರು. ಮಣೆಯಿಂದ ಏಳದೆ ಎಲ್ಲವನ್ನೂ ತೋರಿಸಿದರು. ಮಣೆ ಮುಂದಕ್ಕೆ ಹೋದಾಗ, "ಅಗೋ, ಆ ಬೇವಿನ ಮರದ ಹಿಂದೆ ಕೆರೆ. ಗಾಳಿ ಎದ್ದರೆ ತೆರೆ ಬಂದು ದಂಡೆಗೆ ಬಡಿಯುತ್ತದೆ" ಎಂದರು. ಹಿಂದಕ್ಕೆ ಬಂದಾಗ ಗುಡ್ಡ. ಗವಿಯ ಬಾಯಲ್ಲಿ ಕಲ್ಲಿನ ಕಂಬಗಳಿವೆ, ಒಳಗೆ ಬೇಸಿಗೆಯಲ್ಲಿಯೂ ತಂಪು. "ತಾವು ಮೇಲೆ ಹೋಗಿ ಬಹಳ ದಿನವಾಯಿತೇ?" ಎಂದು ಕೇಳಿದೆ. "ನಾನು ಯಾಕೆ ಹೋಗಲಿ? ಅದು ನಮ್ಮಜ್ಜನ ಕಾಲದಿಂದ ಅಲ್ಲಿಯೇ ಇದೆ" ಎಂದರು. ನನ್ನ ಜಾತಿಯ ಇನ್ನೊಬ್ಬ ಮನುಷ್ಯ ಸಿಕ್ಕನೆಂದು ನನಗೆ ಪರಮಾನಂದವಾಯಿತು. ಮಣೆ ತೂಗುತ್ತ ತೂಗುತ್ತ ಗುಡ್ಡ, ಗವಿ ಮುಗಿದವು, ಬಿಸಿಲೂ ಇಳಿಯಿತು.

ಕೊನೆಗೆ ಬೀಳ್ಕೊಂಡು ಹೊರಟಾಗ ಗಾಡಿಗೆ ಸ್ವಲ್ಪವೇ ವೇಳೆ ಉಳಿದಿತ್ತು. ಸಂತೆಯ ದಿನ, ಒಂದೂ ಟಾಂಗಾ ಖಾಲಿ ಇರಲಿಲ್ಲ, ನಡೆದೇ ಹೊರಟೆವು. ಸ್ಟೇಶನ್ನಿನ ದಾರಿ ಕೆರೆಯ ದಂಡೆಯ ಮೇಲೆಯೇ ಹಾದುಹೋಗುತ್ತದೆ. ಬೇವಿನ ಮರ ದಾಟಿದ್ದೇ ತಡ ನನ್ನ ಹೆಂಡತಿ ಗಕ್ಕನೆ ನಿಂತಳು.

"ನಿಮ್ಮ ಉಪರಣಿ ಚಾಚ್ರಿ" ಎಂದಳು.

"ಯಾಕ?"

"ಉಡಿ ಹಿಡಕೊಂಡು ನೀರಿಗಿಳಿಯಾಕ ಬರೂದಿಲ್ಲ. ನೆಲಕ್ಕ ಇಡಾಕಂತೂ ಬರೂದಿಲ್ಲ. ಚಾಚ್ರಿ."

"ಗಾಡಿ ಹೋಗ್ತದಲ್ಲ!"

"ಹೋದರ ಹೋಗ್ಲಿ. ಇನ್ನೊಂದು ಬರ್ತದ. ಮುಂಜಾನಿಂದ ಊರ ಮಂದಿ ಹೇಳಿಧಾಂಗ ಕೇಳೇನಿ, ಈಗ ನೀವು ನನ್ನ ಒಂದು ಮಾತು ಕೇಳ್ರಿ."

ನಾನು ಹೆಗಲ ಮೇಲಿನ ಉಪರಣಿಯನ್ನು ಸೊಂಟಕ್ಕೆ ಬಿಗಿದು, ಅದರ ಚುಂಗುಗಳನ್ನು ಎರಡೂ ಕೈಯಲ್ಲಿ ಹಿಡಿದು ಚಾಚಿದೆ. ಅಕ್ಕಿ, ಕಾಯಿ, ಖಣ ಎಲ್ಲ ಬಳಬಳನೆ ಬಂದು ಬಿದ್ದವು. ಹೀಗೆ ಕೋಟು, ಟೊಪ್ಪಿಗೆ, ಕನ್ನಡಕ ಸಮೇತ ಹಾದಿಯಲ್ಲಿ ಉಡಿ ಹಿಡಿದು ನಿಂತೆ. ಅವಳು ಮೆಟ್ಟಿಲಿಳಿದು ಹೋದಳು.

ಇನ್ನೇನು, ತಿರುಗಿ ಕೆರೆ ನೋಡಬೇಕು. ಅಷ್ಟರಲ್ಲಿ ಸಂತೆ ಬಿಟ್ಟಿತು. ಮಾರಾಟವಾದ ಆಡುಗಳು ತಮ್ಮ ಹೊಸ ಧಣಿಗಳ ಜೊತೆಗೆ ಅದೇ ದಾರಿಯಲ್ಲಿ ಬಂದವು. ಅವುಗಳಿಗೆ ವೀಳ್ಯದೆಲೆಯ ವಾಸನೆ ಹತ್ತಿತು. ಆಡಿನ ಕಡೆಗೆ ಬೆನ್ನು ಮಾಡಿ ಉಡಿ ಉಳಿಸಿಕೊಂಡವರಿಲ್ಲ. ಆದ್ದರಿಂದ ನಾನು ಕೆರೆಗೆ ಬೆನ್ನು ಮಾಡಿ, ಆಡುಗಳಿಗೆ ಮುಖಕೊಟ್ಟು, ಕೈಗಳೆರಡೂ ಉಡಿ ಹಿಡಿದಿದ್ದರಿಂದ ಕಾಲು ನೆಲಕ್ಕೆ ಬಡಿಯುತ್ತ "ಹಡ್, ಹಡ್" ಎನ್ನುತ್ತಿದ್ದೆ. ಸಂತೆಯ ಹೆಂಗಸರು ನಿಂತು ಬಾಯಿಗೆ ಸೆರಗು ಇಟ್ಟುಕೊಂಡರು. "ಭಟಜೀಚೀ ಓಟೀ ಭರಲೀ, ಗ ಬಾಯಿ!" ಎಂದಳು ಒಬ್ಬಾಕೆ. ಭಟ್ಟರ ಉಡಿ ತುಂಬಿತಲ್ಲೇ ಎಂದರ್ಥ. ಇನ್ನೊಬ್ಬ ಮುದುಕಿ ಬುಟ್ಟಿ ಇಳಿಸಿ, ಮಾರದೆ ಉಳಿದಿದ್ದ ಬದನೆಕಾಯಿಗಳನ್ನು ಬೊಗಸೆ ತುಂಬ ತೆಗೆದು, ನಗದೆ, ಶಾಸ್ತ್ರೋಕ್ತವಾಗಿ ನನ್ನ ಉಡಿಗೆ ಹಾಕಿ, "ಇರಲಿ, ಮಗಾ" ಎಂದು ನಡೆದಳು. ಸಂತೆ ನೋಡಲು ಹೋಗಬೇಕಾದ ಶ್ರಮವೂ ತಪ್ಪಿತು.

ಅಷ್ಟರಲ್ಲಿ ದೂರದಲ್ಲಿ ಗಾಡಿ ಸಿಳ್ಳು ಹಾಕಿ ಹೋಯಿತು. ಒಂದೇ ಒಂದು ಸಲ ಕತ್ತು ಹೊರಳಿಸಿ ನೋಡಿದೆ. ಕೆಳಗಿನ ಮೆಟ್ಟಿಲ ಮೇಲೆ ಅವಳು ನೀರಲ್ಲಿ ಕಾಲು ಬಿಟ್ಟುಕೊಂಡು ಕುಳಿತಿದ್ದಳು. ನನಗೆ ಕಂಡದ್ದು ಅವಳ ಬೆನ್ನು ಅಷ್ಟೇ. ಆ ಬೆನ್ನಿನಲ್ಲಿ ಪುಣೆಯ ವಾಡೆ, ತೊಟ್ಟಿ, ಬಿಂದಿಗೆ ಯಾವುದೂ ಇರಲಿಲ್ಲ. ನನಗೆ ಬಹಳ ಸಂತೋಷವಾಯಿತು, ಇಷ್ಟು ದಿನ ಯಾಕೆ ಕರೆದುತರಲಿಲ್ಲವೆಂದು ಕೆಡುಕೂ ಎನಿಸಿತು. ಅಷ್ಟರೊಳಗೆ ಒಂದು ಆಡು ಎಲೆಯ ಕಟ್ಟನ್ನು ಎಳೆದುಕೊಂಡಿತು. ಮತ್ತೆ ರಸ್ತೆಗೆ ತಿರುಗಿದೆ. ಅವಳು ಮೇಲೆ ಬರುವ ಹೊತ್ತಿಗೆ ಕೆರೆ ಮಸುಕಾಗಿ, ಯಾವುದು ನೀರು ಯಾವುದು ಹೊಲ ಎಂದು ತಿಳಿಯದಂತಾಗಿತ್ತು.

ಸೋಮವಾರ ಭಾವುಸಾಹೇಬರು ಕೇಳಿದ್ದೇ ತಡ, ದಂಡೆಗೆ ಬಡಿಯುವ ತೆರೆ, ಗವಿಯ ಕಂಬ, ಒಳಗಿನ ತಂಪು ಎಲ್ಲವನ್ನೂ ವರ್ಣಿಸಿದೆ. "ನನಗಿಂತ ಚೆನ್ನಾಗಿ ನೋಡಿಕೊಂಡು ಬಂದಿದ್ದೀರಿ!" ಎಂದು ಅವರು ಬೆನ್ನು ತಟ್ಟಿದರು. ಅಂದಿನಿಂದ ಆ ಕಡೆ ಹೋಗುವವರೆಲ್ಲ ನನ್ನ ಮೇಜಿಗೆ ಬಂದು ವಿಚಾರಿಸತೊಡಗಿದರು. ಒಂದು ದಿನ ಶಿವಾಜಿನಗರದ ಕೋರ್ಟಿಗೆ ಬಂದ ಆತ್ಯಾಬಾಯಿಯ ಯಜಮಾನರು ನಾನಾ ನಮ್ಮ ಆಫೀಸಿಗೂ ಬರುವವರೆಗೆ ನನ್ನ ಈ ವೈಭವ ನಡೆಯಿತು. ಬದನೆಕಾಯಿಯ ಮುದುಕಿ ಅವರ ಮನೆಗೂ ಕಾಯಿಪಲ್ಯ ಹಾಕುವವಳಂತೆ. ಆ ಸಂಜೆಯೊಳಗೆ ಎಲ್ಲರೂ ಒಬ್ಬರಾದ ಮೇಲೊಬ್ಬರು ಬಂದು, ಬಹಳ ಕಳವಳದಿಂದ, "ಕಿತವಾ ಮಹಿನಾ?" ಎಂದು ಕೇಳಿದರು. ಬಸುರಿಯರ ಉಡಿಯನ್ನೂ ತುಂಬುತ್ತಾರಲ್ಲ. ಎಷ್ಟನೆಯ ತಿಂಗಳೆಂದು ಅವರಿಗೆ ತಿಳಿಯಬೇಕಾಗಿತ್ತು. ಭಾವುಸಾಹೇಬರು ಮಾತ್ರ ಕೇಳಲಿಲ್ಲ. ನನಗೆ ಕಿಟಕಿಯ ಹತ್ತಿರ, ಗಾಳಿ ಬರುವಲ್ಲಿ ಕುರ್ಚಿ ಹಾಕಿಸಿದರು.

ಮನೆಗೆ ಬಂದು ಸಿಟ್ಟಿನಿಂದ ಟೊಪ್ಪಿಗೆ ಗೂಟಕ್ಕೆ ಹಾಕಿ ಎಲ್ಲ ಹೇಳಿದೆ. ಅವಳು ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ಆಮೇಲೆ, "ನಗ್ಲಿ ಬಿಡ್ರಿ. ಉಡಿ ತುಂಬಿದ ಊರಂದ್ರ ತವರುಮನಿ ಇದ್ಧಾಂಗ. ವರ್ಷಕ್ಕೊಮ್ಮೆರೆ ಹೋಗಬೇಕು" ಎಂದಳು.

"ನಿನಗ ತವರುಮನಿ ಅದ ಅಲ್ಲ?"

"ನನಗಲ್ಲರೀ, ನಿಮಗ."

ಬರುವ ಭಾನುವಾರ ಮತ್ತೆ ನನ್ನ ತವರಿಗೆ ಹೊರಟಿದ್ದೇವೆ. ಈ ಸಲವಾದರೂ ಕೆರೆಯ ಕಡೆಗೆ ಮುಖ ಮಾಡಿ ನಿಲ್ಲಲು ನನಗೆ ಪರವಾನಗಿ ಕೊಡಬೇಕೆಂದು ಅರ್ಜಿ ಹಾಕಿಕೊಂಡೆ. ಅವಳು ನನ್ನ ಉಪರಣಿಯನ್ನು ಒಗೆದು ಹಿಂಡುತ್ತಿದ್ದಳು. ಜಗ್ಗಿ ನೋಡಿ, ಗಟ್ಟಿ ಇದೆಯೆಂದು ಖಾತ್ರಿ ಮಾಡಿಕೊಂಡು ಹೇಳಿದಳು:

"ಆಡು ಬರಲಿಲ್ಲಂದ್ರ ನೋಡೀರಂತ."