ತೂಬಿನ ಬಾಯಲ್ಲಿ ಲೋಕದ ಕಾನೂನು

ನನ್ನ ಮೊಮ್ಮಗಳು ಕಾವ್ಯ ಪಾಂಡವಪುರದ ಕಾಲೇಜಿನಲ್ಲಿ ಭಾಷಣ ಮಾಡಿ ಮೊದಲ ಬಹುಮಾನ ಹೊಡೆದಳು! ಇಷ್ಟು ದೊಡ್ಡ ಕಪ್ ಕೊಟ್ಟರು! ನಮ್ಮ ಪಾಲಹಳ್ಳಿಯ ಅರ್ಧ ಊರಿಗೆ ಅದರಲ್ಲೇ ಮಜ್ಜಿಗೆ ಕೊಡಬಹುದು. ಮೂರನೇ ಕ್ಲಾಸಿಗೇ ಸ್ಲೇಟು ಕೆಳಗಿಟ್ಟ ನನ್ನ ವಂಶದಲ್ಲಿ ಇಂಥ ಮಗು!

ಆದರೆ ಅದೇ ದಿನ ನಾನು ಮಾಡಿದ ಘನಕಾರ್ಯವನ್ನೂ ಹೇಳಬೇಕಲ್ಲ.

ಬೆಳಿಗ್ಗೆ ಜಗುಲಿಯಲ್ಲಿ ನಿಂತು ಕಾವ್ಯ ನನ್ನ ಮುಂದೆ ಭಾಷಣ ಒಪ್ಪಿಸಿದಳು. ದೇಶದೇಶಗಳ ನಡುವೆಯೂ ಕಾನೂನು ಇದೆಯಂತೆ!

"ಒಬ್ಬರ ಗಡಿ ಇನ್ನೊಬ್ಬರು ದಾಟಬಾರ್ದು ಅಂತ ದೊಡ್ಡ ದೇಶಗಳೇ ಕೂತು ಬರೆದ್ವು ತಾತ. ಆದ್ರೆ ತಾನು ದಾಟಿದ್ರೆ ಆತ್ಮರಕ್ಷಣೆ, ಎದುರಾಳಿ ದಾಟಿದ್ರೆ ಅಪರಾಧ! ಇಬ್ರೂ ತೋರ್ಸೋದು ಒಂದೇ ಪುಸ್ತಕ."

ನನಗೆ ಮೈ ಜುಮ್ಮೆಂದಿತು. ಎಂಥ ವಿದ್ಯೆ! ಗದ್ದೆಯಲ್ಲಿ ನನ್ನ ಭತ್ತದ ಪೈರು ಬಾಡುತ್ತಿತ್ತು. ಕಾಲುವೆ ನೀರಿನ ಸರದಿ ಮಾತ್ರ ಪಕ್ಕದ ಗದ್ದೆಯ ಚಿಕ್ಕಣ್ಣನದು. ಸರದಿ ತಪ್ಪಿ ತೂಬು ಮುಟ್ಟಬಾರದೆಂದು ಕಟ್ಟಳೆ ಮಾಡಿದವರೂ ನಾವಿಬ್ಬರೇ. ಉಳಿದ ಭಾಷಣಕ್ಕೆ ಕಾಯದೆ ಸನಿಕೆ ಹೆಗಲಿಗೇರಿಸಿ ಹೊರಟೆ.

ತೂಬಿನ ಮಣ್ಣು ಕಿತ್ತು ನೀರು ತಿರುಗಿಸಿಕೊಂಡೆ. ಚಿಕ್ಕಣ್ಣ ಓಡಿ ಬಂದ.

"ಲೇ ನಿಂಗ, ಇವತ್ತು ನನ್ ಸರದಿ ಕಣ್ಲಾ!"

"ಕಾನೂನು ನಂಗೂ ಗೊತ್ತು ಕಣ್ಲಾ. ನನ್ ಪೈರು ಸಾಯ್ತಾ ಐತೆ. ಇದು ಆತ್ಮರಕ್ಷಣೆ! ಲೋಕವೆಲ್ಲ ಇಂಗೇ ಮಾಡದು."

ಚಿಕ್ಕಣ್ಣ ತನ್ನ ಸನಿಕೆ ಎತ್ತಿ ನನ್ನ ಬದು ಕಡಿದ.

"ಅಂಗಾದ್ರೆ ಇದೂ ಅದೇಯ!"

ಎಷ್ಟು ಬೇಗ ಕಲಿತುಬಿಟ್ಟ! ನಾನು ಅವನ ಬದು ಕಡಿದೆ. ಅವನು ಇನ್ನೊಂದು ಕಡೆ ಕಡಿದ. ಉಭಯ ಪಕ್ಷಗಳೂ ಹೀಗೆ ಕಾನೂನನ್ನು ಎತ್ತಿ ಹಿಡಿಯುತ್ತಿರುವಾಗ ಕಾಲುವೆಯ ಏರಿಯೇ ಕುಸಿಯಿತು! ನೀರು ಅವನಿಗೂ ಇಲ್ಲ, ನನಗೂ ಇಲ್ಲ. ಸೀದಾ ರಸ್ತೆಗೆ.

ಅಲ್ಲಿ ನನ್ನ ಹೆಂಡತಿ ಸಾಕಮ್ಮ, ಗಾಡಿಗಳು ತುಳಿದು ಕಾಳು ಬಿಡಿಸಲೆಂದು ಹುರುಳಿ ಹಾಸಿದ್ದಳು. ತೇಲಿತು!

"ಇಬ್ರಿಗೂ ಗ್ಯಾನ ಐತಾ? ನಿಮ್ ಜಗಳಕ್ಕೆ ನನ್ ಹುರ್ಳಿ ಏನ್ ಮಾಡಿತ್ತು?"

ಇಬ್ಬರ ಸನಿಕೆಗಳನ್ನೂ ಆಕೆ ವಶಪಡಿಸಿಕೊಂಡಳು. ಸಂಜೆಯವರೆಗೆ ಬರಿಗೈಯಲ್ಲಿ ಏರಿ ಕಟ್ಟಿದೆವು. ಕೆಸರು ಒರೆಸಿಕೊಳ್ಳುತ್ತಾ ಚಿಕ್ಕಣ್ಣ ಅಂದ, "ನಿನ್ ಪೈರಿಗೂ ಒಸಿ ನೀರು ಬುಡ್ತೀನಿ ತಕ್ಕೊ. ಬೆಳಿಗ್ಗೇನೇ ಕೇಳಿದ್ರೆ ಆಗ್ಲೇ ಬುಡ್ತಿದ್ನಲ್ಲೋ!"

ಅಂದು ಸಂಜೆ ನೆಂದ ಹುರುಳಿಯದೇ ಸಾರು. ಮಗ, ಸೊಸೆ, ಕಪ್ಪನ್ನು ಮಡಿಲಲ್ಲಿಟ್ಟುಕೊಂಡ ಕಾವ್ಯ, ಜೊತೆಗೆ ಚಿಕ್ಕಣ್ಣ, ಎಲ್ಲರೂ ಮುದ್ದೆಗೆ ಕೂತೆವು.

"ತಾತ, ನೀನು ಅರ್ಧಕ್ಕೇ ಎದ್ದೋದೆ. ಚಪ್ಪಾಳೆ ಬಿದ್ದಿದ್ದೇ ಕಡೇ ಮಾತಿಗೆ."

"ಏನವ್ವ ಅದು?"

"ದೊಡ್ಡೋರಿಬ್ರೂ ತಮಗೆ ಬೇಕಾದಂಗೆ ಕಾನೂನು ಬಗ್ಗಿಸಿದ್ರೆ, ಮುಳುಗೋದು ಪಕ್ಕದಲ್ಲಿರೋ ಬಡಪಾಯಿ."

ಸಾಕಮ್ಮ ನನ್ನ ತಟ್ಟೆಗೆ ಇನ್ನೊಂದು ಸೌಟು ಹುರುಳಿ ಸಾರು ಬಿಟ್ಟಳು. ನಾವು ಎರಡು ಮಹಾಶಕ್ತಿಗಳೂ ತಲೆ ತಗ್ಗಿಸಿ ಮುದ್ದೆ ನುಂಗಿದೆವು. ಸಾರು ಅಮೃತದಂತಿತ್ತು. ಹಾಗೆಂದು ಹೇಳಲು ಮಾತ್ರ ಇಬ್ಬರಿಗೂ ಧೈರ್ಯ ಬರಲಿಲ್ಲ!